ಕ್ಲಾಟ್ ತಯಾರಿ: ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ

ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಸೇರಬೇಕೆಂದು ಮನೆಯಲ್ಲಿ ತೀರ್ಮಾನವಾದ ಕೂಡಲೇ ಎದುರಾಗುವ ಪ್ರಶ್ನೆ ಕೋಚಿಂಗ್‌ನದು. ಉಚಿತ ಮಾದರಿ ಪ್ರಶ್ನೆಪತ್ರಿಕೆಯ ಆಸೆಗೆ ಯಾವುದೋ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟವರಿಗೆ ಅಂದು ಸಂಜೆಯೊಳಗೆ ಮೂರು ಕರೆಗಳು ಬಂದಿರುತ್ತವೆ, ಮೂರರಲ್ಲೂ ‘ಈ ರಿಯಾಯಿತಿ ಇವತ್ತು ರಾತ್ರಿಗೆ ಮುಗಿಯುತ್ತದೆ’ ಎಂಬ ಮಾತಿರುತ್ತದೆ. ಅದು ಮುಂದಿನ ವಾರವೂ ಸಿಗುತ್ತದೆ, ಅವಸರ ಬೇಡ. ಇಲ್ಲಿ ನಾನು ಸಂಸ್ಥೆಗಳ ಹೆಸರುಗಳನ್ನು ತೂಗಿಲ್ಲ, ತಯಾರಿಯ ಬಗೆಗಳನ್ನು ತೂಗಿದ್ದೇನೆ. ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಒಂದೇ ಹೆಸರಿನ ಎರಡು ಶಾಖೆಗಳಲ್ಲಿ ಪಾಠ ಹೇಳುವವರೂ ಬೇರೆಯಾಗಿರುತ್ತಾರೆ. ಆದರೆ ತರಗತಿ, ಆನ್‌ಲೈನ್, ಮಾಕ್ ಟೆಸ್ಟ್ (ಅಣಕು ಪರೀಕ್ಷೆ), ಸ್ವಂತ ಓದು ಎಂಬ ಬಗೆಗಳ ಗುಣದೋಷಗಳು ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ ಆಗಿರುತ್ತವೆ.

ಯಾವ ಪರೀಕ್ಷೆಗೆ ಹಣ ಖರ್ಚು ಮಾಡುತ್ತಿದ್ದೇವೆ ಎಂಬುದು ಮೊದಲು ಸ್ಪಷ್ಟವಾಗಬೇಕು. ಕ್ಲಾಟ್ ಮೊದಲು ನಡೆದದ್ದು 2008ರಲ್ಲಿ. 2019ರವರೆಗೆ ಅದರಲ್ಲಿ 200 ಬಿಡಿ ಪ್ರಶ್ನೆಗಳಿದ್ದವು. ನೆನಪಿನ ಶಕ್ತಿ ಇದ್ದವರು, ದಪ್ಪನೆಯ ಗೈಡ್‌ಗಳನ್ನು ಉರು ಹೊಡೆದವರು ಅದರಲ್ಲಿ ಗೆಲ್ಲಬಹುದಿತ್ತು. 2020ರಲ್ಲಿ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಈಗ ಬಹುತೇಕ ಎಲ್ಲ ಪ್ರಶ್ನೆಗಳೂ ಪತ್ರಿಕೆಯಲ್ಲೇ ಕೊಟ್ಟಿರುವ ಪ್ಯಾಸೇಜ್‌ಗಳ (ಗದ್ಯಭಾಗಗಳ) ಮೇಲೆಯೇ ಬರುತ್ತವೆ. 2024ನೇ ಸಾಲಿನ ಪ್ರವೇಶದಿಂದ ಪ್ರಶ್ನೆಗಳು 120, ಸಮಯ 2 ಗಂಟೆ, ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಲೆಕ್ಕ ಎಂಬ ಐದು ಭಾಗಗಳಿವೆ. ಲೆಕ್ಕದ ಪಾಲು ಸುಮಾರು ಶೇ. 10 ಮಾತ್ರ, ಅದೂ ಹತ್ತನೇ ತರಗತಿಯ ಮಟ್ಟದ್ದು. ಒಎಂಆರ್ ಹಾಳೆಯ ಮೇಲೆ ಪೆನ್ನಿನಿಂದ ಗುರುತು ಮಾಡುವ ಈ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಪ್ಯಾಸೇಜ್ ಒಂದಕ್ಕೆ ಸುಮಾರು 450 ಪದ, ಅದರ ಮೇಲೆ ಐದು ಪ್ರಶ್ನೆ ಎಂದಿಟ್ಟುಕೊಂಡರೆ 24 ಪ್ಯಾಸೇಜ್‌ಗಳಿಗೆ 10,800 ಪದಗಳಾಗುತ್ತವೆ. ನಿಮಿಷಕ್ಕೆ 150 ಪದ ಓದುವ ವಿದ್ಯಾರ್ಥಿಗೆ ಪ್ಯಾಸೇಜ್‌ಗಳನ್ನು ಒಮ್ಮೆ ಓದಲೇ 72 ನಿಮಿಷ ಬೇಕು. ಉಳಿದ 48 ನಿಮಿಷದಲ್ಲಿ ಒಂದೊಂದು ಪ್ರಶ್ನೆಗೂ ಅವನಿಗೆ ಸಿಗುವುದು 24 ಸೆಕೆಂಡ್. ನಿಮಿಷಕ್ಕೆ 250 ಪದ ಓದುವವಳಿಗೆ 38 ಸೆಕೆಂಡ್ ಸಿಗುತ್ತದೆ. ಇಬ್ಬರಿಗೂ ಕಾನೂನು ಒಂದೇ ಅಳತೆಯಲ್ಲಿ ಗೊತ್ತಿದ್ದರೂ ಫಲಿತಾಂಶ ಒಂದೇ ಆಗುವುದಿಲ್ಲ. ಹಣವನ್ನು ‘ವಿಷಯ’ದ ಮೇಲೆ ಸುರಿದು ಓದಿನ ವೇಗವನ್ನು ಕಡೆಗಣಿಸುವುದು ಈ ತಯಾರಿಯಲ್ಲಿ ಆಗುವ ಅತಿ ದುಬಾರಿ ತಪ್ಪು, ಮತ್ತು ಅದನ್ನು ನಮ್ಮ ಮನೆಯಲ್ಲೇ ಮಾಡಿದ್ದೇವೆ.

ಮೊದಲು ಅಳೆಯಿರಿ, ಆಮೇಲೆ ಕೊಳ್ಳಿರಿ

ನನ್ನ ಅಕ್ಕನ ಮಗಳು ಹತ್ತನೇ ತರಗತಿಯವರೆಗೆ ತುಮಕೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರಥಮ ಪಿಯುಸಿಯಲ್ಲಿರುವಾಗ ಅವಳನ್ನು ಬೆಂಗಳೂರಿನ ಒಂದು ಕೋಚಿಂಗ್ ಕೇಂದ್ರದ ವಾರಾಂತ್ಯದ ಬ್ಯಾಚಿಗೆ ಸೇರಿಸಿದೆವು. ಪೂರ್ತಿ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟಿದರೆ ಇಷ್ಟು ಕಡಿತ ಎಂದರು, ಕಟ್ಟಿದೆವು. ಮೂರನೆಯ ತಿಂಗಳಿಗೆ ಅವಳ ಬ್ಯಾಚನ್ನು ಇನ್ನೊಂದರ ಜೊತೆ ಕೂಡಿಸಿದರು. ಮೂವತ್ತು ಜನರಿದ್ದ ಕೊಠಡಿಯಲ್ಲಿ ತೊಂಬತ್ತು ಜನರಾದರು, ಮೇಷ್ಟ್ರು ಪರದೆಯ ಮೇಲಿನ ಸ್ಲೈಡ್‌ಗಳನ್ನು ಓದಿ ಹೇಳತೊಡಗಿದರು. ಅನುಮಾನ ಕೇಳಲು ಕೈ ಎತ್ತುವ ಧೈರ್ಯ ಅವಳಿಗೆ ಮೂವತ್ತು ಜನರ ನಡುವೆಯೇ ಇರಲಿಲ್ಲ. ಹಣ ವಾಪಸ್ ಕೇಳಿದಾಗ ‘ನಮ್ಮಲ್ಲಿ ಆ ನಿಯಮ ಇಲ್ಲ’ ಎಂಬ ಉತ್ತರ ಬಂತು.

ಅದಾದ ಮೇಲೆ ನಾವು ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆವು. ಕ್ಲಾಟ್ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಅಧಿಕೃತ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ 120 ಪ್ರಶ್ನೆಗಳ ಒಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಅವಳು ಬರೆದಳು. ಮುಟ್ಟಿದ ಪ್ರಶ್ನೆಗಳು 71, ಸರಿಯಾದವು 38, ತಪ್ಪಾದವು 33. ಕಡಿತ ಕಳೆದು ಬಂದ ಅಂಕ 29.75. ಆ ಅಂಕಕ್ಕಿಂತ ಮುಖ್ಯವಾದದ್ದು ಆಮೇಲೆ ನೋಟ್ ಪುಸ್ತಕದಲ್ಲಿ ಎಳೆದ ನಾಲ್ಕು ಕಾಲಂ: ‘ತಲುಪಲೇ ಇಲ್ಲ’, ‘ಓದಿದೆ, ಅರ್ಥವಾಗಲಿಲ್ಲ’, ‘ಎರಡು ಆಯ್ಕೆಗಳ ನಡುವೆ ಜಾರಿದೆ’, ‘ಸುದ್ದಿಯೇ ಗೊತ್ತಿರಲಿಲ್ಲ’. ತುಂಬಿದಾಗ ಕಂಡದ್ದು ಕ್ರಮವಾಗಿ 49, 14, 12, 7. ಅವಳ ಕಷ್ಟದ ಬಹುಪಾಲು ಮೊದಲ ಎರಡು ಕಾಲಂಗಳಲ್ಲಿತ್ತು, ಅಂದರೆ ಇಂಗ್ಲಿಷ್ ಓದಿನಲ್ಲಿತ್ತು. ನಾವು ಹಣ ಕೊಟ್ಟಿದ್ದು ಕಾನೂನಿನ ಸ್ಲೈಡ್‌ಗಳಿಗೆ.

ಈ ನಾಲ್ಕು ಕಾಲಂಗಳೇ ಯಾವ ಬಗೆಯ ತಯಾರಿ ಬೇಕೆಂದು ಹೇಳುತ್ತವೆ. ಮೊದಲೆರಡು ತುಂಬಿದ್ದರೆ ದಿನನಿತ್ಯದ ಓದು ಬೇಕು, ಅದಕ್ಕೆ ಕೋಚಿಂಗ್ ಅನಿವಾರ್ಯವಲ್ಲ. ಮೂರನೆಯದು ತುಂಬಿದ್ದರೆ ತಪ್ಪನ್ನು ಬಿಡಿಸಿ ತೋರಿಸುವ ಒಬ್ಬ ಮನುಷ್ಯ ಬೇಕು. ಹಣ ಕೊಡುವುದು ಸಾರ್ಥಕವಾಗುವುದು ಇಲ್ಲಿ. ನಾಲ್ಕನೆಯದಕ್ಕೆ ಪತ್ರಿಕೆ ಮತ್ತು ತಿಂಗಳ ಸಂಗ್ರಹ ಸಾಕು.

‘ಕಲಿಕೆಯ ಶೈಲಿ’ ಎಂದರೇನು

ಜಾಹೀರಾತುಗಳಲ್ಲಿ ‘ನಿಮ್ಮ ಕಲಿಕೆಯ ಶೈಲಿಗೆ ತಕ್ಕ ಕೋರ್ಸ್’ ಎಂಬ ಮಾತು ಹೇರಳವಾಗಿ ಕಾಣುತ್ತದೆ: ಕಣ್ಣಿನಿಂದ ಕಲಿಯುವವರಿಗೆ ವಿಡಿಯೊ, ಕಿವಿಯಿಂದ ಕಲಿಯುವವರಿಗೆ ಉಪನ್ಯಾಸ ಎಂಬಂತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪಾಶ್ಲರ್ ಮತ್ತು ಮೂವರು ಸಹೋದ್ಯೋಗಿಗಳು ಈ ನಂಬಿಕೆಯ ಬಗೆಗಿನ ಅಧ್ಯಯನಗಳನ್ನು 2008ರಲ್ಲಿ ಪರಿಶೀಲಿಸಿ, ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ತೋರಿಸಿದರು. ಆದ್ದರಿಂದ ಆ ಹೆಸರಿನಲ್ಲಿ ಹೆಚ್ಚು ಹಣ ಕೇಳುವ ಪ್ಯಾಕೇಜ್‌ಗೆ ಮರುಳಾಗುವ ಅಗತ್ಯವಿಲ್ಲ. ಕ್ಲಾಟ್‌ಗಂತೂ ಎಲ್ಲರೂ ಕಣ್ಣಿನಿಂದಲೇ ಓದಬೇಕು.

ಆದರೂ ಸ್ವಭಾವ ಎಂಬುದೊಂದಿದೆ, ಅದನ್ನು ಗಮನಿಸದೆ ಕೋರ್ಸ್ ಆರಿಸಿದರೆ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಯಾರೂ ನೋಡದಿದ್ದಾಗ ನೀವು ಸತತ ಎರಡು ಗಂಟೆ ಕೂರಬಲ್ಲಿರಾ? ಅನುಮಾನ ಬಂದರೆ ನಾಲ್ಕು ಜನರ ಮುಂದೆ ಕೇಳುತ್ತೀರಾ, ಇಲ್ಲವೇ ಬರೆದು ಕೇಳುವುದು ಹಿತವೇ? ನಿಮ್ಮ ತಪ್ಪನ್ನು ನೀವೇ ಕಂಡುಹಿಡಿಯಬಲ್ಲಿರಾ, ಅಥವಾ ಉತ್ತರಪಟ್ಟಿ ನೋಡಿ ‘ಹೌದಲ್ಲ’ ಎಂದು ಮುಂದೆ ಹೋಗಿಬಿಡುತ್ತೀರಾ? ಈ ಮೂರಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡವರಿಗೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಮೊದಲ ಪ್ರಶ್ನೆಗೆ ತಂದೆ ತಾಯಿ ಕೊಡುವ ಉತ್ತರವೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದನ್ನು ಮೆಲ್ಲಗೆ ಹೇಳಿಬಿಡುತ್ತೇನೆ.

ಬಗೆಗಳು, ಒಂದರ ಪಕ್ಕ ಇನ್ನೊಂದು

ನೇರ ತರಗತಿ ಎಲ್ಲಕ್ಕಿಂತ ದುಬಾರಿ. ವರ್ಷದ ಅಥವಾ ಎರಡು ವರ್ಷದ ಕೋರ್ಸಿನ ಶುಲ್ಕ ಆರಂಕಿ ಮುಟ್ಟುವುದು ಅಪರೂಪವಲ್ಲ. ಹೇಳಿದ ಮೊತ್ತದ ಮೇಲೆ ಶೇ. 18ರ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ಕೇಳಿಕೊಳ್ಳಿ. ಒಂದು ಲಕ್ಷದ ಮೇಲೆ ಅದೇ 18,000 ರೂಪಾಯಿ. ಶಿವಮೊಗ್ಗದಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಬಂದು ಓದುವುದಾದರೆ ಪಿಜಿ ಬಾಡಿಗೆ, ಊಟ, ಓಡಾಟದ ಖರ್ಚು ಕೋರ್ಸಿನ ಶುಲ್ಕವನ್ನೂ ಮೀರಬಹುದು. ಇಷ್ಟಾಗಿಯೂ ತರಗತಿ ಕೊಡುವ ಒಂದು ವಸ್ತು ಬೇರೆಲ್ಲೂ ಸಿಗುವುದಿಲ್ಲ: ಸಮಯಕ್ಕೆ ಎದ್ದು ಹೊರಡಲೇಬೇಕಾದ ಕಟ್ಟುಪಾಡು ಮತ್ತು ಅದೇ ದಾರಿಯಲ್ಲಿರುವ ಜೊತೆಗಾರರು. ಒಬ್ಬರೇ ಕೂರಲಾಗದವರಿಗೆ, ಎದುರಿಗೇ ಪ್ರಶ್ನೆ ಕೇಳುವವರಿಗೆ ಇದು ಹೊಂದುತ್ತದೆ. ಸೇರುವ ಮುನ್ನ ಮಾದರಿ ತರಗತಿಗೆ ಹೋಗುವಾಗ ಒಂದು ಎಚ್ಚರ: ಮಾದರಿ ತರಗತಿಯನ್ನು ತೆಗೆದುಕೊಳ್ಳುವವರು ಸಂಸ್ಥೆಯ ಅತ್ಯುತ್ತಮ ಮೇಷ್ಟ್ರು. ಅದರ ಬದಲು, ನಡೆಯುತ್ತಿರುವ ಬ್ಯಾಚಿನಲ್ಲಿ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ ಅದೂ ಒಂದು ಉತ್ತರವೇ.

ನೇರ ಪ್ರಸಾರದ ಆನ್‌ಲೈನ್ ತರಗತಿಯ ಶುಲ್ಕ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ, ಊರು ಬಿಡುವ ಪ್ರಮೇಯವೂ ಇಲ್ಲ. ನೂರು ಜನರ ಮುಂದೆ ಬಾಯಿ ಬಿಡದ ಹುಡುಗಿ ಚಾಟ್‌ನಲ್ಲಿ ಧೈರ್ಯವಾಗಿ ಪ್ರಶ್ನೆ ಹಾಕುವುದನ್ನು ನಾನೇ ನೋಡಿದ್ದೇನೆ. ಆದರೆ ಪಿಯು ಕಾಲೇಜು ಮುಗಿಸಿ ಬಂದು ಸಂಜೆ 6ರಿಂದ 9ರವರೆಗೆ ಫೋನಿನ ಪರದೆಯನ್ನು ನೋಡುವುದು, ಅದೇ ಫೋನಿನಲ್ಲಿ ವಾಟ್ಸ್‌ಆ್ಯಪ್ ಟಿಂಗ್ ಎನ್ನುತ್ತಿರುವಾಗ, ಸುಲಭದ ಮಾತಲ್ಲ. ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊಗಳ ಕೋರ್ಸ್ ಇನ್ನೂ ಅಗ್ಗ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗದ್ದು. ವಿಡಿಯೊ ನೋಡಿ ಮುಗಿಸಿದಾಗ ಕಲಿತೆವೆಂಬ ತೃಪ್ತಿ ಬರುತ್ತದೆಯೇ ಹೊರತು, ಪ್ಯಾಸೇಜ್ ಓದುವ ವೇಗ ಒಂದು ಪದದಷ್ಟೂ ಹೆಚ್ಚಿರುವುದಿಲ್ಲ. ಲೆಕ್ಕದ ಶೇಕಡಾವಾರು, ಅನುಪಾತಗಳು ಮರೆತುಹೋಗಿದ್ದರೆ ಅಷ್ಟಕ್ಕೆ ಯೂಟ್ಯೂಬ್‌ನ ಉಚಿತ ಪಾಠಗಳೂ ಎಸ್‌ಎಸ್‌ಎಲ್‌ಸಿ ಗಣಿತ ಪುಸ್ತಕವೂ ಸಾಕು.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಮಾಕ್ ಟೆಸ್ಟ್ ಸರಣಿ. ಪೂರ್ಣ ಕೋರ್ಸಿನ ಹತ್ತನೇ ಒಂದು ಪಾಲಿಗೂ ಕಡಿಮೆ ಬೆಲೆಗೆ ಸಿಗುವ ಇದು ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರತಿಫಲ ನೀಡುತ್ತದೆಂಬುದು ನನ್ನ ಅಭಿಪ್ರಾಯ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ವಿದ್ಯಾರ್ಥಿಗಳ ಗುಂಪುಗಳನ್ನು ಹೋಲಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ನೆನಪಿನಿಂದ ಬರೆದು ಪರೀಕ್ಷಿಸಿಕೊಂಡವರು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಕ್ಲಾಟ್ ವಾರದ ನಂತರವಲ್ಲ, ತಿಂಗಳುಗಳ ನಂತರ ಬರುವ ಪರೀಕ್ಷೆ.

ಆದರೆ ಎಲ್ಲ ಮಾಕ್‌ಗಳೂ ಒಂದೇ ಅಲ್ಲ. ಕೊಳ್ಳುವ ಮೊದಲು ಉಚಿತ ಮಾದರಿಯೊಂದನ್ನು ಬಿಡಿಸಿ, ಉತ್ತರಗಳ ವಿವರಣೆಯನ್ನು ಓದಿ. ‘ಸರಿ ಉತ್ತರ ಬಿ, ಪ್ಯಾಸೇಜ್‌ನ ಎರಡನೆಯ ಪ್ಯಾರಾ ನೋಡಿ’ ಎಂದಷ್ಟೇ ಇದ್ದರೆ ಅದು ವಿವರಣೆಯಲ್ಲ. ಉಳಿದ ಮೂರು ಆಯ್ಕೆಗಳು ಏಕೆ ತಪ್ಪು ಎಂಬುದನ್ನು ಹೇಳುವ ಸರಣಿಯನ್ನೇ ಆರಿಸಿ. ಕಾನೂನು ತರ್ಕದ ಒಂದು ಉದಾಹರಣೆ ಕೊಡುತ್ತೇನೆ. ‘ಈ ರಾಜ್ಯದಲ್ಲಿ 16 ವರ್ಷ ತುಂಬಿದವರು ಮಾಡಿಕೊಂಡ ಒಪ್ಪಂದ ಊರ್ಜಿತ’ ಎಂದು ಪ್ಯಾಸೇಜ್ ಹೇಳುತ್ತದೆ ಎನ್ನಿ. ಪ್ರಶ್ನೆಯಲ್ಲಿ 17 ವರ್ಷದ ಹುಡುಗನೊಬ್ಬ ಬೈಕ್ ಮಾರುತ್ತಾನೆ. ಗೈಡ್ ಓದಿ 18 ವರ್ಷ ತುಂಬದವರ ಒಪ್ಪಂದ ಶೂನ್ಯವೆಂದು ಕಲಿತಿರುವ ವಿದ್ಯಾರ್ಥಿ ಪ್ಯಾಸೇಜನ್ನು ಬದಿಗಿಟ್ಟು ತನಗೆ ಗೊತ್ತಿರುವ ಕಾನೂನಿನಂತೆ ಉತ್ತರಿಸಿ ಅಂಕ ಕಳೆದುಕೊಳ್ಳುತ್ತಾನೆ. ಆ ಜಾರುವಿಕೆಯನ್ನು ಹೆಸರಿಟ್ಟು ತೋರಿಸುವ ವಿವರಣೆಗೆ ಹಣ ಕೊಡಬಹುದು. ವಿವರಣೆಗಳನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. 2025ನೇ ಸಾಲಿನ ಕ್ಲಾಟ್‌ನಲ್ಲಿ ಒಕ್ಕೂಟದ ಸ್ವಂತ ಉತ್ತರಪಟ್ಟಿಯನ್ನೇ ನ್ಯಾಯಾಲಯಗಳು ತಿದ್ದಬೇಕಾಯಿತು. ವಾರಕ್ಕೆ ಮೂರು ಮಾಕ್ ಬರೆದು ಒಂದನ್ನೂ ಪರಿಶೀಲಿಸದವರಿಗಿಂತ, ಒಂದು ಬರೆದು ಅದರ ತಪ್ಪುಗಳ ಮೇಲೆ ನಾಲ್ಕು ಗಂಟೆ ಕೂತವರು ಮುಂದೆ ಹೋಗುತ್ತಾರೆ. ನೂರು ಮಾಕ್‌ಗಳ ಪ್ಯಾಕೇಜ್ ಬೇಡ, ಒಳ್ಳೆಯ ಮೂವತ್ತು ಸಾಕು.

ಹಳೆಯ ಪುಸ್ತಕಗಳ ಬಗ್ಗೆಯೂ ಒಂದು ಮಾತು. ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುವ ಗೈಡ್ ಎತ್ತಿಕೊಳ್ಳುವ ಮುನ್ನ ಒಳಪುಟದಲ್ಲಿ ಮುದ್ರಣದ ವರ್ಷ ನೋಡಿ. 2020ಕ್ಕಿಂತ ಹಿಂದಿನದಾದರೆ ಅಲ್ಲಿಯೇ ಇಟ್ಟುಬಿಡಿ. 2020ರಿಂದ 2023ರವರೆಗಿನ 150 ಪ್ರಶ್ನೆಗಳ ಪತ್ರಿಕೆಗಳನ್ನು ಅಭ್ಯಾಸಕ್ಕೆ ಧಾರಾಳವಾಗಿ ಬಳಸಬಹುದು.

ಉಚಿತ ದಾರಿಗಳಲ್ಲಿ ಬಹಳ ಜನರಿಗೆ ತಿಳಿಯದ ಒಂದಿದೆ. ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಶೀರ್ 2010ರಲ್ಲಿ ಆರಂಭಿಸಿದ ಐಡಿಯಾ ಎಂಬ ಸಂಸ್ಥೆ, ಬಡ ಮತ್ತು ಅವಕಾಶವಂಚಿತ ಕುಟುಂಬಗಳ ವಿದ್ಯಾರ್ಥಿಗಳನ್ನು ಆರಿಸಿ ಕಾನೂನು ಪ್ರವೇಶ ಪರೀಕ್ಷೆಗೆ ತರಬೇತಿ ಕೊಡಿಸುತ್ತದೆ, ಪ್ರವೇಶ ದೊರೆತ ಮೇಲೂ ಬೆಂಬಲವಾಗಿ ನಿಲ್ಲುತ್ತದೆ. ಕಾನೂನು ಶಾಲೆಗಳ ವಿದ್ಯಾರ್ಥಿಗಳೇ ಅದರ ಸ್ವಯಂಸೇವಕರು. ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕರು ಇದನ್ನು ತಮ್ಮ ವಿದ್ಯಾರ್ಥಿಗಳ ಕಿವಿಗೆ ಹಾಕಿದರೆ ದೊಡ್ಡ ಉಪಕಾರ. ಇದಕ್ಕೆ ಆಯ್ಕೆಯಾಗದವರೂ ಕಾನೂನು ಶಾಲೆಯಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಹುಡುಕಿ, ವಾರಕ್ಕೊಂದು ಗಂಟೆ ತಮ್ಮ ತಪ್ಪುಗಳ ನೋಟ್ ಪುಸ್ತಕವನ್ನು ತೋರಿಸುವ ಏರ್ಪಾಡು ಮಾಡಿಕೊಳ್ಳಬಹುದು. ಗಂಟೆಗೆ ಇಷ್ಟೆಂದು ಗೌರವಧನ ಕೊಟ್ಟರೂ ಅದು ಕೋರ್ಸಿನ ಶುಲ್ಕದ ಹತ್ತಿರಕ್ಕೂ ಬರುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಇವರಿಗೆ ಯಾವ ಕೋರ್ಸನ್ನೂ ಕೊಳ್ಳುವ ಮೊದಲು ಆರು ತಿಂಗಳ ಓದು ಬೇಕು, ಅದು ಬಹುಪಾಲು ಪುಕ್ಕಟೆ. ನಮ್ಮ ಹುಡುಗಿ ಮಾಡಿದ್ದು ಹೀಗೆ: ಬೆಳಿಗ್ಗೆ ‘ಪ್ರಜಾವಾಣಿ’ಯಲ್ಲಿ ಒಂದು ಸುದ್ದಿಯನ್ನು ಓದುವುದು, ಅದೇ ಸುದ್ದಿಯನ್ನು ‘ಡೆಕ್ಕನ್ ಹೆರಾಲ್ಡ್’ನಲ್ಲಿ ಹುಡುಕಿ ಓದುವುದು. ಎರಡೂ ಒಂದೇ ಬಳಗದ ಪತ್ರಿಕೆಗಳಾದ್ದರಿಂದ ರಾಜ್ಯದ ಸುದ್ದಿಗಳು ಸಾಮಾನ್ಯವಾಗಿ ಎರಡರಲ್ಲೂ ಇರುತ್ತವೆ. ಅರ್ಥ ಮೊದಲೇ ಗೊತ್ತಿರುವುದರಿಂದ ಇಂಗ್ಲಿಷ್ ವಾಕ್ಯಗಳು ಹೆದರಿಸುವುದಿಲ್ಲ, ನಿಘಂಟು ತೆಗೆಯುವ ಪ್ರಸಂಗವೂ ಕಡಿಮೆ. ಎರಡು ತಿಂಗಳಾದ ಮೇಲೆ ಕನ್ನಡದ ಆಸರೆ ಬಿಟ್ಟು ‘ದಿ ಹಿಂದೂ’ವಿನ ಸಂಪಾದಕೀಯಕ್ಕೆ ಹೋದಳು, ಓದಿ ಮುಗಿಸಿದ ಕೂಡಲೇ ಪತ್ರಿಕೆ ಮಡಚಿ ಎರಡು ವಾಕ್ಯದಲ್ಲಿ ಸಾರಾಂಶ ಬರೆಯುವುದು, ಗಡಿಯಾರ ನೋಡಿ ಅಂಚಿನಲ್ಲಿ ನಿಮಿಷ ಗುರುತು ಹಾಕುವುದು. ಪತ್ರಿಕೆಗಳು ಜಿಲ್ಲಾ ಗ್ರಂಥಾಲಯದಲ್ಲಿ ಸಿಗುತ್ತವೆ. ಮಸೂದೆಗಳ ಬಗ್ಗೆ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಜಾಲತಾಣದಲ್ಲಿರುವ ಸಾರಾಂಶಗಳು ಉಚಿತ, ಕಾನೂನು ತರ್ಕದ ಪ್ಯಾಸೇಜ್‌ಗಳಿಗೆ ಅವುಗಳಿಗಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ.

ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ, ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ. 25 ಸಮತಲ ಮೀಸಲಾತಿ (ಅಂದರೆ ಪ್ರತಿ ವರ್ಗದ ಸೀಟುಗಳೊಳಗೇ ಸಿಗುವ ಪಾಲು) ಇದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ. ಯಾವ ಕೋಚಿಂಗ್‌ಗಿಂತಲೂ ಅಗ್ಗದ ತಯಾರಿ ಇದು.

ಹಣ ಕಟ್ಟುವ ಮುನ್ನ

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ, ಉಳಿದ ಅವಧಿಯ ಹಣವನ್ನು ಲೆಕ್ಕ ಹಾಕಿ 10 ದಿನದೊಳಗೆ ಹಿಂತಿರುಗಿಸಬೇಕೆಂದು ಅದರಲ್ಲಿದೆ. 16 ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದೆಂದೂ ಇದೆ. ಜಾರಿಯ ಹೊಣೆ ರಾಜ್ಯಗಳದಾದ್ದರಿಂದ ಇದನ್ನೇ ನಂಬಿ ಕೂರದೆ, ಹಣ ವಾಪಸಾತಿಯ ಷರತ್ತನ್ನು ರಸೀದಿಯ ಜೊತೆ ಬರವಣಿಗೆಯಲ್ಲಿ ಪಡೆಯಿರಿ, ಕಂತಿನಲ್ಲಿ ಕಟ್ಟಿ. ಒಂದೇ ಸಲಕ್ಕೆ ಕಟ್ಟಿದರೆ ಸಿಗುವ ರಿಯಾಯಿತಿ, ಬಿಟ್ಟು ಬರುವ ನಿಮ್ಮ ಸ್ವಾತಂತ್ರ್ಯದ ಬೆಲೆ. ಮೊದಲ ರ‍್ಯಾಂಕಿನ ಫೋಟೊಗಳ ವಿಷಯದಲ್ಲೂ ಕೇಳುವ ಹಕ್ಕು ನಿಮಗಿದೆ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ನವೆಂಬರ್ ಮಾರ್ಗಸೂಚಿಯಂತೆ, ಆ ವಿದ್ಯಾರ್ಥಿ ಯಾವ ಕೋರ್ಸ್ ಓದಿದ್ದನೆಂಬುದನ್ನು ಜಾಹೀರಾತಿನಲ್ಲಿಯೇ ಹೇಳಬೇಕು. ಮಾಕ್ ಸರಣಿಯನ್ನು ಮಾತ್ರ ಕೊಂಡವನ ಮುಖ ಲಕ್ಷ ರೂಪಾಯಿಯ ತರಗತಿಯ ಫಲಕದ ಮೇಲೆ ನಗುತ್ತಿರಬಹುದಲ್ಲ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

‘ಎಲ್ಲ ಪರೀಕ್ಷೆಗಳಿಗೂ ಒಂದೇ ಪ್ಯಾಕೇಜ್’ ಎನ್ನುವವರನ್ನು ಇನ್ನೊಂದು ಪ್ರಶ್ನೆ ಕೇಳಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ನಲ್ಲಿಲ್ಲ. ಅದರ ಐಲೆಟ್ ಪರೀಕ್ಷೆಯಲ್ಲಿ 150 ಪ್ರಶ್ನೆಗಳಿದ್ದು 70 ತರ್ಕದವೇ ಆಗಿರುತ್ತವೆ. ಅದಕ್ಕೆ ಬೇರೆ ಮಾಕ್‌ಗಳಿವೆಯೇ? ವಕೀಲಿಕೆ ಮಾಡಬೇಕೆಂಬುದಷ್ಟೇ ಗುರಿಯಾದರೆ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಐದು ವರ್ಷದ ಪದವಿಗೆ ಪಿಯುಸಿ ಅಂಕಗಳ ಮೇಲೆಯೇ ಪ್ರವೇಶ ಸಿಗುತ್ತದೆ, ಈ ಯಾವ ಖರ್ಚೂ ಇಲ್ಲದೆ.

ಕ್ಲಾಟ್ ಕಳೆದ ಕೆಲವು ವರ್ಷಗಳಿಂದ ಡಿಸೆಂಬರ್‌ನ ಮೊದಲ ಭಾನುವಾರ ನಡೆಯುತ್ತಿದೆ, ಅಂದರೆ ದ್ವಿತೀಯ ಪಿಯುಸಿಯ ನಟ್ಟ ನಡುವೆ. ಹಾಗಾಗಿ ಅಕ್ಟೋಬರ್‌ನ ‘ಕ್ರ್ಯಾಶ್ ಕೋರ್ಸ್’ಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ, ಆ ಹೊತ್ತಿಗೆ ಕಾಲೇಜಿನ ಪರೀಕ್ಷೆಗಳೂ ಬಂದಿರುತ್ತವೆ, ಓದಿನ ವೇಗ ಆರು ವಾರದಲ್ಲಿ ಬೆಳೆಯುವುದೂ ಇಲ್ಲ. ಪ್ರಥಮ ಪಿಯುಸಿಯ ವರ್ಷ ಪತ್ರಿಕೆ ಓದಿಗೆ, ಏಪ್ರಿಲ್–ಮೇ ರಜೆ ಬೇಕಾದವರಿಗೆ ತರಗತಿಗೆ, ಜೂನ್‌ನಿಂದ ಮಾಕ್ ಸರಣಿ ಮತ್ತು ವಾರದ ಒಂದು ಗಂಟೆಯ ಹಿರಿಯರ ಸಹಾಯಕ್ಕೆ ಎಂದು ಹಣವನ್ನು ಹಂಚಿಟ್ಟುಕೊಂಡರೆ ಹೊರೆ ಒಮ್ಮೆಲೇ ಬೀಳುವುದಿಲ್ಲ. ಅರ್ಜಿ ಶುಲ್ಕ ಬೇರೆ: 2026ನೇ ಸಾಲಿಗೆ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500 ಇತ್ತು. ಮಾಕ್ ಸರಣಿಯ ಹಣದ ಪಕ್ಕದಲ್ಲೇ ಅದನ್ನೂ ತೆಗೆದಿಡಿ.